ಮುಂದಿನ ತರಗತಿಗಾಗಿ ಈಗಿನ ವಯಸ್ಸನ್ನು ಒತ್ತೆ ಇಡಬೇಕೇ?

ಓದುಗರ ಪತ್ರ: "ಆರು ವರ್ಷ ತುಂಬುವವರೆಗೆ ಮಕ್ಕಳಿಗೆ ಬರವಣಿಗೆಯ ಒತ್ತಾಯ ಬೇಡವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಅವಳ ನರ್ಸರಿಯಲ್ಲಿ ಮರಳು, ನೀರು, ಮರದ ತುಂಡುಗಳಲ್ಲೇ ಹೊತ್ತು ಕಳೆಯುತ್ತದೆ. ಅವಳ ಓರಗೆಯ ಮಕ್ಕಳು ಆಗಲೇ ಪದಗಳನ್ನು ಬರೆಯುತ್ತಾರೆ. ಏಳನೆಯ ತರಗತಿಯಲ್ಲಿರುವ ನನ್ನ ಮಗ ಶಾಲೆಯೊಂದಿಗೆ ಏಗಲಾರದೆ ಮಂಕಾಗಿದ್ದಾನೆ. ಮುಂದೆ ಬರುವ ಕಷ್ಟಕ್ಕೆ ಮಗಳನ್ನು ಈಗಿನಿಂದಲೇ ಸಜ್ಜುಗೊಳಿಸುವುದು ತಪ್ಪೇ?" — ಒಬ್ಬ ತಾಯಿ

ಸಂಪಾದಕರ ಉತ್ತರ:

ಮಾನ್ಯರೇ, ಜೊತೆಯ ಮಕ್ಕಳಿಗಿಂತ ತನ್ನ ಮಗು ಹಿಂದೆ ಬಿದ್ದೀತೆಂಬ ತಾಯಿಯ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು. ಮಕ್ಕಳನ್ನು ಆಟದ ಸಾಮಾನುಗಳ ನಡುವೆ ಬಿಟ್ಟು ಶಿಕ್ಷಕಿ ಸುಮ್ಮನೆ ಕುಳಿತರೆ ಅದು ಶಾಲೆಯಾಗದು ಎಂಬುದನ್ನೂ ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಒಪ್ಪಲಾರೆ. ಶಾಲೆಯ ಪಾಠಯೋಜನೆ ಮೇಲಿನ ತರಗತಿಯಿಂದ ಕೆಳಗಿನದಕ್ಕೆ ಇಳಿದುಬರುತ್ತಿರುವುದೇ ಇಲ್ಲಿರುವ ಮೂಲ ದೋಷವೆಂದು ನಾನು ಬಹುಕಾಲದಿಂದ ನಂಬಿದ್ದೇನೆ. ಕೊನೆಯ ಪರೀಕ್ಷೆಗೆ ಬೇಕಾದುದನ್ನು ಅದರ ಹಿಂದಿನ ತರಗತಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ದಾಟಿಸುತ್ತ ಬಂದರೆ, ಆ ಹೊರೆ ಕಟ್ಟಕಡೆಗೆ ನಾಲ್ಕು ವರ್ಷದ ಮಗುವಿನ ಬೆರಳುಗಳ ಮೇಲೆ ಕೂರುತ್ತದೆ.

ಆ ಬೆರಳುಗಳನ್ನೇ ನೋಡಿ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಇನ್ನೂ ಮೆದುವಾದ ಮೃದ್ವಸ್ಥಿಯ ರೂಪದಲ್ಲಿದ್ದು, ವರ್ಷಗಳುದ್ದಕ್ಕೂ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕೂವರೆಯಲ್ಲಿ ಆ ಕೆಲಸ ಮುಗಿದಿರುವುದಿಲ್ಲ. ಮನಸ್ಸಿನ ಕತೆಯೂ ಹೀಗೆಯೇ. ಒಂದೇ ಅಳತೆಯ ನೀರನ್ನು ಅಗಲವಾದ ಲೋಟದಿಂದ ಸಪೂರವಾದ ಲೋಟಕ್ಕೆ ಸುರಿದರೆ, ಎತ್ತರ ಕಂಡು "ಈಗ ನೀರು ಹೆಚ್ಚಾಯಿತು" ಎನ್ನುವ ಮಗು, ಏಳರ ಆಸುಪಾಸಿನಲ್ಲಿ "ಅದೇ ನೀರಲ್ಲವೇ" ಎಂದು ತಾನೇ ಹೇಳುತ್ತದೆಂದು ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟರು. ನಿಮ್ಮ ಮಗಳು ನೀರನ್ನು ಸುರಿದು ತುಂಬಿ ಕಳೆಯುವ ಹೊತ್ತು ಅಳತೆಯ ಮೊದಲ ಪಾಠ. ಅದನ್ನು ಬಾಯಿಪಾಠ ಮಾಡಿಸಿ ಕೊಡಲು ಬರುವುದಿಲ್ಲ.

ಇಟಲಿಯ ವೈದ್ಯೆ, ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ತೆರೆದ ಶಾಲೆಯಲ್ಲಿ ನಾಲ್ಕೈದು ವರ್ಷದ ಮಕ್ಕಳು ಬರೆಯಲಿಲ್ಲವೇ ಎಂದು ನೀವು ಕೇಳಬಹುದು. ಬರೆದರು, ನಿಜ. ಆದರೆ ಅದಕ್ಕೆ ಮೊದಲು ಕೈಗೆ ಹದ ಬರುವಂಥ ಕೆಲಸಗಳನ್ನು ಅವರು ಬಹಳ ಕಾಲ ಮಾಡಿದ್ದರು, ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದ್ದರು. ಬರವಣಿಗೆ ತಾನಾಗಿ ಹೊರಹೊಮ್ಮಿತು. ಆದ್ದರಿಂದ ನಿಮ್ಮ ಮಗಳೇ ಬಂದು ತನ್ನ ಹೆಸರು ಬರೆಯುವುದು ಹೇಗೆಂದು ಕೇಳಿದರೆ ಖಂಡಿತ ತೋರಿಸಿಕೊಡಿ. ಮಗು ಕೇಳಿ ಕಲಿಯುವುದಕ್ಕೂ ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಒಂದೇ ಅಕ್ಷರವನ್ನು ಪುಟ ತುಂಬ ತಿದ್ದಿಸುವುದಕ್ಕೂ ಅಜಗಜಾಂತರವಿದೆ.

ಬೇಗ ಆರಂಭಿಸಿದರೆ ಮುಂದಾಗುತ್ತಾರೆಂಬ ನಂಬಿಕೆಗೆ ಆಧಾರವೂ ಗಟ್ಟಿಯಾಗಿಲ್ಲ. ಸಂಶೋಧಕ ಸೆಬಾಸ್ಟಿಯನ್ ಸಗೇಟ್ ನ್ಯೂಜಿಲೆಂಡಿನಲ್ಲಿ ಐದಕ್ಕೆ ಓದಲು ಕಲಿತವರನ್ನೂ ಏಳಕ್ಕೆ ಕಲಿತವರನ್ನೂ ಹೋಲಿಸಿದಾಗ, ಹನ್ನೊಂದರ ಹೊತ್ತಿಗೆ ಇಬ್ಬರ ಓದಿನ ಸಾಮರ್ಥ್ಯದಲ್ಲೂ ಅಂತರವಿರಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದ ಶಾಲಾಪೂರ್ವ ಯೋಜನೆಯ ಮೇಲೆ 2022ರಲ್ಲಿ ಪ್ರಕಟವಾದ, 2,990 ಮಕ್ಕಳ ಅಧ್ಯಯನ ಇನ್ನೂ ಕಳವಳಕಾರಿ: ಯೋಜನೆಯಲ್ಲಿ ಕಲಿತ ಮಕ್ಕಳು ಆರನೆಯ ತರಗತಿಗೆ ಬರುವಾಗ, ಅವಕಾಶ ಸಿಗದ ಮಕ್ಕಳಿಗಿಂತ ಪರೀಕ್ಷೆಗಳಲ್ಲಿ ಹಿಂದಿದ್ದರು, ಶಿಸ್ತಿನ ದೂರುಗಳೂ ಅವರ ಮೇಲೇ ಹೆಚ್ಚಿದ್ದವು. ಇದಕ್ಕೆ ವಿರುದ್ಧವಾದ ಉದಾಹರಣೆ 1962ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಆರಂಭವಾದ ಪೆರ್ರಿ ಶಾಲಾಪೂರ್ವ ಪ್ರಯೋಗ. ಅಲ್ಲಿ ಮಕ್ಕಳೇ ದಿನದ ಕೆಲಸವನ್ನು ಯೋಚಿಸಿ, ಮಾಡಿ, ಆಮೇಲೆ ಅದರ ಬಗ್ಗೆ ಶಿಕ್ಷಕಿಯೊಡನೆ ಮಾತಾಡುತ್ತಿದ್ದರು. ಶಿಕ್ಷಕಿಯರು ಮನೆಗಳಿಗೂ ಹೋಗುತ್ತಿದ್ದರು. ಅಲ್ಲಿ ಕಲಿತವರು, ಹೋಲಿಕೆಗಾಗಿ ಆಯ್ದ ಕಲಿಯದವರು ಸೇರಿ 123 ಮಂದಿಯನ್ನು ನಲವತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದಾಗ, ಅಲ್ಲಿ ಕಲಿತವರು ಕಲಿಯದವರಿಗಿಂತ ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು. ಶಾಲಾಪೂರ್ವ ಶಿಕ್ಷಣವೆಂಬ ಒಂದೇ ಹಣೆಪಟ್ಟಿಯ ಕೆಳಗೆ ಇಷ್ಟು ಭಿನ್ನವಾದ ಫಲಗಳಿರುವಾಗ, ಎಷ್ಟು ಬೇಗ ಎಂಬುದಕ್ಕಿಂತ ಏನು, ಹೇಗೆ ಎಂಬುದನ್ನು ಮೊದಲು ಕೇಳಬೇಕು.

ಆರರಿಂದ ಹತ್ತರವರೆಗಿನ ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ರಮಬದ್ಧವಾದ ಓದು, ಲೆಕ್ಕ, ಅಭ್ಯಾಸಗಳಿಗೆ ಮಕ್ಕಳು ಮನಸಾರೆ ಒಡ್ಡಿಕೊಳ್ಳುವ ಕಾಲ ಅದು, ಆಗ ಕಲಿಸಬೇಕಾದುದನ್ನು ಧಾರಾಳವಾಗಿ ಕಲಿಸಲಿ. ನನಗೆ ನೋವಾದದ್ದು ನಿಮ್ಮ ಮಗನ ಬಗ್ಗೆ ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದಕ್ಕೆ. ಸಹಾಯ ಬೇಕಿರುವುದು ಮೊದಲು ಅವನಿಗೆ.

ಹನ್ನೊಂದರಿಂದ ಹದಿನಾಲ್ಕರ ನಡುವೆ ಮಕ್ಕಳ ದೇಹ ಬದಲಾಗುತ್ತದೆ, ನಿದ್ದೆ ಬರುವ ಹೊತ್ತು ತಡವಾಗುತ್ತದೆ, ಗೆಳೆಯರ ಅಭಿಪ್ರಾಯಕ್ಕೆ ತೂಕ ಬರುತ್ತದೆ, ತನ್ನ ಮಾತಿಗೂ ಬೆಲೆಯಿರಬೇಕೆಂಬ ಆಸೆ ಮೊಳೆಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಶಾಲೆ ಹೆಚ್ಚು ಬಿಗಿಯಾಗುತ್ತದೆ. ಒಬ್ಬ ಶಿಕ್ಷಕಿಯ ಬದಲು ಗಂಟೆಗೊಬ್ಬರು ಬರುತ್ತಾರೆ, ಅಂಕಗಳನ್ನು ಎಲ್ಲರೆದುರು ಓದಲಾಗುತ್ತದೆ, ಆಯ್ಕೆಗಳು ಕಡಿಮೆಯಾಗುತ್ತವೆ. ಅಮೆರಿಕದ ಸಂಶೋಧಕಿಯರಾದ ಜಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರಲ್ ಮಿಡ್ಗ್ಲಿ 1989ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಈ ವಯಸ್ಸಿನವರ ಓದಿನ ಆಸಕ್ತಿ ಕುಗ್ಗುವುದಕ್ಕೆ ಹರೆಯವೊಂದೇ ಕಾರಣವಲ್ಲ, ಆ ಹರೆಯಕ್ಕೆ ಹೊಂದದ ಶಾಲೆಯೂ ಕಾರಣ. ಅದೇ ವರ್ಷ, ಹರೆಯದವರ ಬೆಳವಣಿಗೆಯನ್ನು ಕುರಿತ ಅಮೆರಿಕದ ಕಾರ್ನೆಗಿ ಮಂಡಳಿಯ ವರದಿಯೊಂದು, ದೊಡ್ಡ ಶಾಲೆಗಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ವಿದ್ಯಾರ್ಥಿಯನ್ನೂ ಚೆನ್ನಾಗಿ ಬಲ್ಲ ಒಬ್ಬ ಹಿರಿಯರಾದರೂ ಅಲ್ಲಿರಬೇಕೆಂದು ಕೇಳಿತು. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8:30ಕ್ಕಿಂತ ಮುಂಚೆ ಆರಂಭವಾಗಬಾರದೆಂದು ಶಿಫಾರಸು ಮಾಡಿತು. ಇವು ಯಾವುವೂ ಗುಟ್ಟಿನ ಸಂಗತಿಗಳಲ್ಲ; ಆದರೂ ಕಿರಿಯರ ತರಗತಿಯ ಗೋಡೆಗೆ ಬಣ್ಣ ಬಳಿಯುವಷ್ಟು ಉತ್ಸಾಹ ಏಳನೆಯ ತರಗತಿಯ ವೇಳಾಪಟ್ಟಿ ಬದಲಿಸಲು ಯಾರಿಗೂ ಇಲ್ಲ.

ಇದಕ್ಕೆಲ್ಲ ಕಾರಣ, ಪಾಠಯೋಜನೆ ಬರೆಯುವವರ ಮೇಜಿನ ಸುತ್ತ ವಿಷಯತಜ್ಞರು ತುಂಬಿರುತ್ತಾರೆ, ಮಕ್ಕಳ ವಯಸ್ಸನ್ನು ಬಲ್ಲವರು ಇರುವುದಿಲ್ಲ. ದಿನವಿಡೀ ಪುಟ್ಟ ಮಕ್ಕಳೊಡನೆ ನೆಲದ ಮೇಲೆ ಕೂರುವ ಶಿಕ್ಷಕಿಗೆ ಇಡೀ ವ್ಯವಸ್ಥೆಯಲ್ಲೇ ಅತಿ ಕಡಿಮೆ ಸಂಬಳ. ಅವಳ ಅಭಿಪ್ರಾಯವನ್ನು ಕೇಳುವವರಿಲ್ಲ. ಗಣಿತ ಚೆನ್ನಾಗಿ ಬಲ್ಲ ಶಿಕ್ಷಕರಿಗೆ ಹನ್ನೆರಡು ವರ್ಷದವರ ಮನಸ್ಸನ್ನು ಕುರಿತು ತರಬೇತಿ ಸಿಗುವುದು ಅಪರೂಪ. ಕಡೆಗೆ ತಪ್ಪೆಲ್ಲ ಮಕ್ಕಳ ಮೇಲೆ ಬೀಳುತ್ತದೆ: ಚಿಕ್ಕವರು ಚಂಚಲರು, ದೊಡ್ಡವರು ಉದ್ಧಟರು. ನೀವೂ ಆ ತೀರ್ಪನ್ನು ಒಪ್ಪಿಕೊಂಡು ಮಗಳನ್ನು ಬಗ್ಗಿಸಲು ಹೊರಟಿದ್ದೀರಿ ಎಂಬುದೇ ನನ್ನ ತಕರಾರು.

ಮುಂದಿನ ಪೋಷಕರ ಸಭೆಗೆ ದಯವಿಟ್ಟು ಇಬ್ಬರು ಮಕ್ಕಳ ಪರವಾಗಿಯೂ ಹೋಗಿ. ಮಗಳ ಶಿಕ್ಷಕಿಯನ್ನು, ಅವಳು ಆಡುವಾಗ ನೀವು ಏನನ್ನು ಗಮನಿಸಿದಿರಿ, ಅವಳೊಡನೆ ಏನು ಮಾತಾಡಿದಿರಿ ಎಂದು ಕೇಳಿ. ಆಕೆ ವಿವರವಾಗಿ ಉತ್ತರಿಸಿದರೆ ಮಗಳು ಒಳ್ಳೆಯ ಕೈಯಲ್ಲಿದ್ದಾಳೆ. ಮಗನ ಶಾಲೆಯಲ್ಲಿ, ಇಲ್ಲಿ ನನ್ನ ಮಗನನ್ನು ಚೆನ್ನಾಗಿ ಬಲ್ಲ ಒಬ್ಬರು ಯಾರು ಎಂದು ಕೇಳಿ. ಯಾರೂ ಕೈ ಎತ್ತದಿದ್ದರೆ, ಅಂಥ ಒಬ್ಬರನ್ನು ಗೊತ್ತುಮಾಡುವವರೆಗೆ ಆ ಕೋಣೆಯಿಂದ ಏಳಬೇಡಿ. ಸಿಕ್ಕ ಉತ್ತರಗಳನ್ನು ನಮಗೂ ಬರೆದು ಕಳುಹಿಸಿ, ಪ್ರಕಟಿಸುತ್ತೇವೆ.