ಮೃದಂಗದ ಮೇಷ್ಟ್ರು ಮತ್ತು ಕಿವಿಯೊಳಗಿನ ಕುಂಯ್ ಸದ್ದು

ಇವರನ್ನು ಮೇಷ್ಟ್ರು ಅಂತಲೇ ಕರೆಯೋಣ. ವಯಸ್ಸು ಐವತ್ತರ ಹತ್ತಿರ. ಬೆಂಗಳೂರಿನ ಹಳೆ ಬಡಾವಣೆಯೊಂದರಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲೇ ಮೃದಂಗದ ಪಾಠ. ಶನಿವಾರ, ಭಾನುವಾರ ಭರತನಾಟ್ಯದ ರಿಹರ್ಸಲ್‌ಗಳಿಗೆ ನುಡಿಸುತ್ತಾರೆ. ಸೀಸನ್ ಬಂದರೆ ಕಚೇರಿಗಳು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇವರನ್ನು ನನ್ನ ಹತ್ತಿರ ಕಳಿಸಿದ್ದು ಶ್ರವಣ ತಜ್ಞರು. ಎರಡೂ ಕಿವಿಯಲ್ಲಿ ಸದಾ ಕುಂಯ್ ಅನ್ನುವ ಸದ್ದು. ವೈದ್ಯರು ಇದಕ್ಕೆ ಟಿನಿಟಸ್ ಅನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ, ಹಗಲು ಸಿಟ್ಟು. ಮೇಷ್ಟ್ರು ಕೂತ ತಕ್ಷಣ ಹೇಳಿದ್ದು ಇಷ್ಟೇ: "ನಿದ್ದೆಗೆ ಏನಾದ್ರೂ ದಾರಿ ಹೇಳಿ ಮೇಡಂ, ಸಾಕು. ಕಿವಿ ವಿಷಯ ಬೇಡ."

ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. "ಕಿವಿ ವಿಷಯ ಬೇಡ ಅಂದ್ರೆ ಹೇಗೆ? ಟೀವಿ ಸೌಂಡು ಬೀದಿಗೆ ಕೇಳತ್ತೆ. ಆದ್ರೆ ಅಡುಗೆಮನೇಲಿ ಒಂದು ಸ್ಟೀಲ್ ತಟ್ಟೆ ಬಿದ್ರೆ ನನ್ನ ಮೇಲೆ ಹಾರಾಡ್ತಾರೆ."

ಇವೆರಡೂ ಒಟ್ಟಿಗೆ ಇರುವುದು ವಿಚಿತ್ರ ಅನಿಸಬಹುದು. ಆದರೆ ಶಬ್ದದಿಂದ ಕಿವಿ ಪೆಟ್ಟು ತಿಂದವರಲ್ಲಿ ಇದು ತುಂಬಾ ಮಾಮೂಲಿ. ಮೆಲ್ಲಗಿನ ಸದ್ದು ಕೇಳುವುದಿಲ್ಲ, ಜೋರಾದದ್ದು ತಡೆಯಲಾಗುವುದಿಲ್ಲ. ಅವರ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ತೋರಿಸುವ ನಕ್ಷೆ, ನೋಡಿದೆ. ಕೆಳಗಿನ ಸ್ವರಗಳಲ್ಲಿ ಕಿವಿ ಚೆನ್ನಾಗಿಯೇ ಇದೆ. 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದು, 8000ಕ್ಕೆ ಮತ್ತೆ ಸ್ವಲ್ಪ ಮೇಲೆ ಬಂದಿದೆ. ಬರೀ ವಯಸ್ಸಿನಿಂದ ಬರುವ ಕಿವುಡಾದರೆ ಗೆರೆ ಸಾಮಾನ್ಯವಾಗಿ ಕೊನೆವರೆಗೂ ಇಳಿಯುತ್ತಲೇ ಹೋಗುತ್ತದೆ. ಮಧ್ಯೆ ಗುಂಡಿ ಬಿದ್ದು ಏಳುವುದು ಹೆಚ್ಚಾಗಿ ಶಬ್ದದ ಗುರುತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದನ್ನು ತಜ್ಞರು ಅವರಿಗೆ ಆಗಲೇ ಬಿಡಿಸಿ ಹೇಳಿದ್ದರು. ಇಯರ್‌ಪ್ಲಗ್ ಹಾಕಿಕೊಳ್ಳಿ ಎಂದೂ ಹೇಳಿದ್ದರು. ಮೇಷ್ಟ್ರು ತಲೆಯಾಡಿಸಿ ಬಂದು, ಏನೂ ಮಾಡಿರಲಿಲ್ಲ.

ಯಾಕೆ ಅಂತ ಕೇಳಿದಾಗ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಹೇಳಿದರು: "ಕಿವಿಗೆ ಏನೋ ಸಿಕ್ಕಿಸ್ಕೊಂಡು ವೇದಿಕೆ ಮೇಲೆ ಕೂತ್ರೆ, ಮೇಷ್ಟ್ರಿಗೆ ಕಿವಿ ಕೇಳಲ್ಲ ಅಂತಾರೆ. ಶ್ರುತಿ ಕೇಳದ ಮೃದಂಗದವನನ್ನ ಯಾರು ಕರೀತಾರೆ?"

ನನ್ನ ಪ್ರಕಾರ ಪ್ರಕರಣದ ಗಂಟು ಇಲ್ಲೇ ಇತ್ತು. ಮಾಹಿತಿ ಅವರಿಗೆ ಬೇಕಾದಷ್ಟು ಸಿಕ್ಕಿತ್ತು. ಅಡ್ಡ ಬಂದಿದ್ದು ನಾಚಿಕೆ. ಕಣ್ಣಿಗೆ ಕನ್ನಡಕ ಹಾಕಿದ ವಿದ್ವಾಂಸರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ, ಕಿವಿ ಅಂದ ಕೂಡಲೇ ಪಿಸುಮಾತು ಶುರು. ಹಾಗಾಗಿ ಅವರ ಭಯ ಸುಳ್ಳು ಅಂತ ನಾನು ಹೇಳಲಿಲ್ಲ. ವೇದಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ, ಕಿವಿಗೆ ಜಾಸ್ತಿ ಪೆಟ್ಟು ಎಲ್ಲಿ ಬೀಳುತ್ತಿದೆ ನೋಡೋಣ ಅಂದೆ. ಒಂದು ಪಾಠವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬರಲು ಹೇಳಿದೆ.

ಆ ವಿಡಿಯೋ ನೋಡಿದ ಮೇಲೆ ಹೆಚ್ಚು ಹೇಳಬೇಕಾಗಲಿಲ್ಲ. ಚಿಕ್ಕ ಕೋಣೆ, ಮೊಸಾಯಿಕ್ ನೆಲ, ಒಂದು ಗೋಡೆಗೆ ಪೂರ್ತಿ ಗಾಜಿನ ಶೋಕೇಸು. ಪಕ್ಕದ ಮನೆಯವರು ತಕರಾರು ಮಾಡಿದ್ದಾರೆ ಅಂತ ಕಿಟಕಿ ಮುಚ್ಚಿದೆ. ಎಂಟು ಮಕ್ಕಳು, ಎಂಟು ಮೃದಂಗ, ಜೊತೆಗೆ ಮೇಷ್ಟ್ರದ್ದು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಪಾಠ ಬಾಯಲ್ಲಿ ಹೇಳುತ್ತಾಳೆ. ಅವಳು 'ಕಿಟತಕ' ಅಂದಳೋ 'ತರಿಕಿಟ' ಅಂದಳೋ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. ಕ, ಟ, ತ ಇಂಥ ಅಕ್ಷರಗಳ ಮೊನೆ ಇರುವುದೇ ಮೇಲಿನ ಸ್ವರಗಳಲ್ಲಿ, ಅವರಿಗೆ ಪೆಟ್ಟಾಗಿರುವುದೂ ಅಲ್ಲೇ. "ಗಟ್ಟಿಯಾಗಿ ಹೇಳು" ಅನ್ನುತ್ತಾರೆ. "ಗಟ್ಟಿಯಾಗಿ ನುಡಿಸು" ಅನ್ನುತ್ತಾರೆ. ಮಕ್ಕಳು ಪಾಪ ಜೋರಾಗಿ ಹೊಡೆಯುತ್ತಾರೆ. ಅವರ ಸದ್ದು ಮೀರಿಸಲು ಮೇಷ್ಟ್ರು ಇನ್ನೂ ಜೋರು. ಕಿವಿ ಕಮ್ಮಿಯಾದಷ್ಟೂ ತರಗತಿ ಜೋರಾಗುತ್ತದೆ, ತರಗತಿ ಜೋರಾದಷ್ಟೂ ಕಿವಿ ಕಮ್ಮಿಯಾಗುತ್ತದೆ.

ಮೇಷ್ಟ್ರು ಲೆಕ್ಕದ ಮನುಷ್ಯ. ಕೋರ್ವೆ, ಅಂದರೆ ತಾಳದ ಲೆಕ್ಕಕ್ಕೆ ಸರಿಯಾಗಿ ಕೂರುವ ಮುಕ್ತಾಯ, ಕಟ್ಟುವವರಿಗೆ ಲೆಕ್ಕ ಹೇಳುವುದು ಸುಲಭ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿಕೊಂಡಿರುವ ಒಂದು ಅಳತೆ. 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಮುಟ್ಟಿದರೆ ಕಾಲು ಗಂಟೆ ಅಷ್ಟೇ. ಒಂದೇ ಜೋರಿನ ವಾದ್ಯ ಒಂದಿದ್ದದ್ದು ಎರಡಾದರೆ 3 ಡೆಸಿಬೆಲ್ ಏರುತ್ತದೆ, ನಾಲ್ಕಾದರೆ 6, ಎಂಟಾದರೆ 9. ಅಂದರೆ ಒಂದು ಮೃದಂಗಕ್ಕೆ 8 ಗಂಟೆ ತಡೆಯುವ ಕಿವಿ, ಎಂಟು ಮೃದಂಗಕ್ಕೆ ಒಂದೇ ಗಂಟೆ ತಡೆಯುತ್ತದೆ. ಮೇಷ್ಟ್ರು ದಿನಕ್ಕೆ ಮೂರು ಬ್ಯಾಚ್ ಮಾಡುತ್ತಿದ್ದರು. ಬೆರಳು ಮಡಚಿ ಎಣಿಸಿ ಸುಮ್ಮನಾದರು. ಕಾರ್ಖಾನೆಯವರಿಗೆ ಶಬ್ದದ ಮಿತಿ ಕಾನೂನಿನಲ್ಲೇ ಇದೆ. ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳುವವರ ಬಳಿಗೆ ಯಾರೂ ಮೀಟರ್ ಹಿಡಿದು ಬರುವುದಿಲ್ಲ, ಅಲ್ವಾ?

ತರಗತಿಗೆ ನಾನು ಕೊಟ್ಟ ಸಲಹೆಯಲ್ಲಿ ಹೊಸದೇನೂ ಇರಲಿಲ್ಲ. ಪಾಠವನ್ನು ಮೊದಲು ಬಾಯಲ್ಲಿ, ಕೈಯಲ್ಲಿ ತಾಳ ಹಾಕುತ್ತಾ ಒಪ್ಪಿಸಬೇಕು, ಆಮೇಲೆ ವಾದ್ಯ. ಇದು ಅವರ ಗುರುಗಳು ಮಾಡುತ್ತಿದ್ದದ್ದೇ. ಬ್ಯಾಚ್ ದೊಡ್ಡದಾದಂತೆ ಇವರು ಬಿಟ್ಟಿದ್ದರು. ಅರ್ಧ ಪಾಠ ಹೀಗೆ ಬಾಯಲ್ಲೇ ಸೊಲ್ಲು ಹೇಳುವ ಕೊನ್ನಕ್ಕೋಲಿನಲ್ಲಿ ನಡೆದರೆ ಶಬ್ದ ತಾನಾಗೇ ಅರ್ಧ ಹೊತ್ತಿಗೆ ಇಳಿಯುತ್ತದೆ. ಒಬ್ಬರು ನುಡಿಸುವಾಗ ಉಳಿದವರು ತಾಳ ಹಾಕಲಿ. ಮೇಷ್ಟ್ರು ತೋರಿಸಿಕೊಡಲು ಮಾತ್ರ ನುಡಿಸಲಿ, ಮಕ್ಕಳ ಜೊತೆಗೆ ಪೂರ್ತಿ ಹೊತ್ತು ಬೇಡ. ನೆಲಕ್ಕೆ ದಪ್ಪ ಜಮಖಾನ, ಶೋಕೇಸಿಗೆ ಪರದೆ. ಒಬ್ಬರ ಮೃದಂಗದ ಬಲಮುಖ ಪಕ್ಕದವರ ಕಿವಿಗೆ ನೇರವಾಗಿ ತಿರುಗದ ಹಾಗೆ ಸ್ವಲ್ಪ ಓರೆಯಾಗಿ ಕೂರಿಸುವುದು. ಎಂಟರ ಬದಲು ನಾಲ್ಕು ಮಕ್ಕಳ ಬ್ಯಾಚ್. ಈ ಕೊನೆಯದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಫೀಸು ಸ್ವಲ್ಪ ಏರಿಸಿದರು. ಕೆಲವು ಮಕ್ಕಳು ಬಿಟ್ಟೂ ಹೋದರು. ಇದಕ್ಕೆ ನನ್ನ ಹತ್ತಿರ ಪರಿಹಾರ ಇರಲಿಲ್ಲ.

ಪ್ಲಗ್ ವಿಷಯಕ್ಕೆ ಬಂದರೆ, ಮೇಷ್ಟ್ರು ಗುಟ್ಟಾಗಿ ಹತ್ತಿ ಇಟ್ಟು ನೋಡಿದ್ದರಂತೆ. ಹತ್ತಿಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಔಷಧಿ ಅಂಗಡಿಯ ಫೋಮ್ ಪ್ಲಗ್ ಶಬ್ದ ತಡೆಯುತ್ತದೆ ನಿಜ, ಆದರೆ ಮೇಲಿನ ಸ್ವರಗಳನ್ನೇ ಜಾಸ್ತಿ ನುಂಗುತ್ತದೆ. ಮೃದಂಗದ ಮೀಟು, ಚಾಪು ಹೊಡೆತಗಳು ಮಂಕಾಗಿ ಕೇಳುತ್ತವೆ. ಆಗ ವಾದಕರು ಗೊತ್ತಿಲ್ಲದೆ ಇನ್ನೂ ಜೋರಾಗಿ ಹೊಡೆದು ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ಸಂಗೀತಗಾರರಿಗೆಂದೇ ಬೇರೆ ಪ್ಲಗ್‌ಗಳಿವೆ. ಕಿವಿಯ ಅಚ್ಚು ತೆಗೆದು ಮಾಡಿ, ಒಳಗೆ 9, 15 ಅಥವಾ 25 ಡೆಸಿಬೆಲ್ ಇಳಿಸುವ ಫಿಲ್ಟರ್ ಹಾಕುತ್ತಾರೆ. ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುವುದರಿಂದ ನಾದದ ಬಣ್ಣ ಕೆಡುವುದಿಲ್ಲ. ದುಬಾರಿ, ನಿಜ. ಅಚ್ಚಿಲ್ಲದ ರೆಡಿಮೇಡ್ ಕೂಡ ಸಿಗುತ್ತವೆ. ಹಾಕಿಕೊಂಡು ಸೊಲ್ಲು ಹೇಳಿದರೆ ಸ್ವಂತ ದನಿ ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಚ್ಚು ಕಿವಿಯೊಳಗೆ ಸ್ವಲ್ಪ ಆಳಕ್ಕೆ ಕೂತರೆ ಅದು ಕಮ್ಮಿಯಾಗುತ್ತದೆ. ಮೊದಲು ಬೆಳಗಿನ ಸಾಧನೆಯಲ್ಲಿ ಹತ್ತು ನಿಮಿಷ, ಆಮೇಲೆ ಪಾಠದಲ್ಲಿ, ಆಮೇಲೆ ರಿಹರ್ಸಲ್‌ನಲ್ಲಿ ಹಾಕಿಕೊಳ್ಳಿ ಅಂದೆ.

ರಿಹರ್ಸಲ್ ಅಂದೆನಲ್ಲ, ಅಲ್ಲಿ ಇನ್ನೊಂದು ತೊಂದರೆ ಇತ್ತು. ನಟುವಾಂಗದವರು, ಅಂದರೆ ತಾಳ ಹಾಕಿ ಸೊಲ್ಲು ಹೇಳಿ ನೃತ್ಯ ನಡೆಸುವವರು, ಇವರ ಎಡಕ್ಕೇ ಕೂರುತ್ತಿದ್ದರು. ನಟುವಾಂಗದ ಲೋಹದ ತಾಳದ ಸದ್ದು ಚೂಪು, ಕಿವಿಗೆ ಒಂದು ಮೊಳ ದೂರದಲ್ಲಿ ಗಂಟೆಗಟ್ಟಲೆ. ಎಡಗಿವಿಯ ಗುಂಡಿ ಬಲಗಿವಿಗಿಂತ ಆಳವಾಗಿರುವುದಕ್ಕೆ ಇದೂ ಕಾರಣವಿರಬಹುದು. ಸ್ವಲ್ಪ ದೂರ ಕೂರಿ ಅನ್ನಲು ಮೇಷ್ಟ್ರಿಗೆ ಸಂಕೋಚ, ಅವರು ಹಿರಿಯರು. ಏನು ಹೇಳಬೇಕು ಅಂತ ಇಬ್ಬರೂ ಸೇರಿ ಮಾತು ಕಟ್ಟಿದೆವು: "ಅಕ್ಕಾ, ಡಾಕ್ಟರು ಕಿವಿಗೆ ಜೋಪಾನ ಮಾಡ್ಕೊಳ್ಳಿ ಅಂದಿದ್ದಾರೆ. ನಾನು ಒಂದು ಮಾರು ಆಚೆ ಕೂರ್ತೀನಿ." ಅಷ್ಟೇ. ಕಾರಣ, ಕ್ಷಮೆ, ಕಥೆ ಏನೂ ಬೇಡ. ಆ ಹಿರಿಯರು ಕೊಟ್ಟ ಉತ್ತರ ಕೇಳಿ ಮೇಷ್ಟ್ರಿಗೇ ಆಶ್ಚರ್ಯ: "ನನಗೂ ಕುಂಯ್ ಅನ್ನತ್ತಪ್ಪಾ, ಎಷ್ಟೋ ವರ್ಷ ಆಯ್ತು. ಯಾರಿಗೆ ಹೇಳೋದು?" ಇಂಥ ಗುಟ್ಟು ಎಷ್ಟು ವಿದ್ವಾಂಸರ ಮನೆಯಲ್ಲಿದೆಯೋ!

ನಿದ್ದೆಯದ್ದು ನಿಧಾನವಾಗಿ ದಾರಿಗೆ ಬಂತು. ಮೇಷ್ಟ್ರು ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ಹಾಕಿಕೊಂಡು, ಸದ್ದು ಇವತ್ತು ಹೆಚ್ಚೋ ಕಮ್ಮಿಯೋ ಅಂತ ಕಿವಿಗೊಟ್ಟು ಕೇಳುತ್ತಿದ್ದರು. ಗಮನ ಕೊಟ್ಟಷ್ಟೂ ಟಿನಿಟಸ್ ದೊಡ್ಡದಾಗುತ್ತದೆ. ಆ ಪರೀಕ್ಷೆ ನಿಲ್ಲಿಸಿ ಅಂದೆ. ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ, ಹಿನ್ನೆಲೆಯಲ್ಲಿ ಮೆಲ್ಲಗೆ ಏನಾದರೂ ಇರಲಿ ಅಂದೆ. ಅವರು ತಂಬೂರಿ ಆ್ಯಪ್ ಹಾಕಿಕೊಂಡರು, ನಿದ್ದೆ ಇನ್ನೂ ಕೆಟ್ಟಿತು. ಸಂಗೀತಗಾರರ ತಲೆ ತಂಬೂರಿ ಕೇಳಿದರೆ ಶ್ರುತಿ ನೋಡಲು ಕೂರುತ್ತದೆ! ಫ್ಯಾನಿನ ಸದ್ದು, ಮಳೆಯ ಸದ್ದು ಒಗ್ಗಿತು. ಯಾರೋ ಕಾಫಿ ಬಿಡಿ ಅಂದಿದ್ದರಂತೆ. ಕಾಫಿ ಬಿಟ್ಟರೆ ಟಿನಿಟಸ್ ಹೋಗುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ, ರಾತ್ರಿಯದ್ದು ಬಿಡಿ ಸಾಕು ಅಂದೆ. ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಕಿವಿಗೆ ಬಿಡುವುದನ್ನು ಮಾತ್ರ ಖಡಾಖಂಡಿತವಾಗಿ ಬೇಡ ಅಂದೆ.

"ಈ ಸದ್ದಿನ ಜೊತೆ ಬದುಕೋದು ಸಾಕಾಗಿದೆ" ಅಂತ ಒಮ್ಮೆ ಹೇಳಿದಾಗ, ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಇಬ್ಬರಿಗೂ ಬರೆದುಕೊಟ್ಟೆ. ಇನ್ನೊಂದು ಮಾತನ್ನೂ ಬರೆದುಕೊಟ್ಟೆ: ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂಕಾದರೆ, ತಲೆ ಸುತ್ತು ಬಂದರೆ, ಅಥವಾ ಸದ್ದು ನಾಡಿ ಬಡಿತದ ಲಯದಲ್ಲಿ ಕೇಳಿದರೆ ನನ್ನ ಹತ್ತಿರ ಬರಬೇಡಿ, ಅವತ್ತೇ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಬರುವ ಕಿವುಡಿಗೆ ಬೇಗ ಶುರು ಮಾಡಿದ ಚಿಕಿತ್ಸೆಯಿಂದಲೇ ಅನುಕೂಲ ಜಾಸ್ತಿ.

ಈಗ ಸದ್ದು ಹೋಗಿಲ್ಲ. ನಿದ್ದೆ ಬರುತ್ತಿದೆ, ಸಿಟ್ಟು ಇಳಿದಿದೆ. ಪಾಠಕ್ಕೂ ರಿಹರ್ಸಲ್‌ಗೂ ಪ್ಲಗ್ ಹಾಕುತ್ತಾರೆ. ಕಚೇರಿಗೆ ಇನ್ನೂ ಇಲ್ಲ. ನಾನು ಒತ್ತಾಯ ಮಾಡಿಲ್ಲ. ಅದರ ಬದಲು ಸೌಂಡಿನವರಿಗೆ ಒಂದು ಮಾತು ಹೇಳಲು ಕಲಿತಿದ್ದಾರೆ: "ನನ್ನ ಮಾನಿಟರ್ ಸ್ಪೀಕರಿನಲ್ಲಿ ಮೃದಂಗ ಕಮ್ಮಿ ಮಾಡಿ, ತಂಬೂರಿ ಮತ್ತೆ ಹಾಡುಗಾರಿಕೆ ಕೊಡಿ." ಮುಂದಿನ ಶ್ರವಣ ಪರೀಕ್ಷೆ ರಾಮನವಮಿ ಕಚೇರಿಗಳು ಮುಗಿದ ಮೇಲೆ ಅಂತ ನಿಗದಿಯಾಗಿದೆ. ಕೊನೆಯ ಕಚೇರಿಯ ಮರುದಿನವೇ ಹೋಗಬೇಡಿ, ಎರಡು ದಿನ ವಾದ್ಯ ಮುಟ್ಟದೆ ಹೋಗಿ ಅಂದಿದ್ದೇನೆ. ಜೋರು ಸದ್ದಿನ ನಂತರ ಕಿವಿ ತಾತ್ಕಾಲಿಕವಾಗಿ ಮಂಕಾಗಿರುತ್ತದೆ, ಆಗ ಪರೀಕ್ಷೆ ಮಾಡಿದರೆ ನಿಜವಾದ ಗೆರೆ ಸಿಗುವುದಿಲ್ಲ.