ಕ್ಯಾನ್ಸರ್ ಸೆಲ್‌ಗಳು ಇದ್ದ ಜಾಗ ಬಿಟ್ಟು ಬೇರೆ ಕಡೆ ಹರಡೋದು ಹೇಗೆ?

ಅಕ್ಕಪಕ್ಕದ ಸೆಲ್‌ಗಳಿಂದ, ಕೆಲವೊಮ್ಮೆ ತನ್ನಿಂದಲೇ ಬರೋ ಕೆಮಿಕಲ್ ಸಿಗ್ನಲ್‌ಗಳೇ ಕ್ಯಾನ್ಸರ್ ಸೆಲ್‌ಗೆ "ಅಂಟ್ಕೊಂಡಿದ್ದು ಸಾಕು, ಹೊರಡು" ಅಂತ ಹೇಳೋದು. ಸ್ತನ, ಕರುಳಿನ ಒಳಪದರದ ಸೆಲ್‌ಗಳು ಮಾಮೂಲಿಯಾಗಿ ಇ-ಕ್ಯಾಡ್ಹೆರಿನ್ ಅನ್ನೋ ಗೋಂದಿನಂಥ ಪ್ರೋಟೀನಿಂದ ಒಂದಕ್ಕೊಂದು ಅಂಟ್ಕೊಂಡಿರ್ತವೆ. ಟಿಜಿಎಫ್-ಬೀಟಾ ಥರದ ಸಿಗ್ನಲ್ ಬಂದು ಸೆಲ್ ಮೇಲೆ ಸಿಗ್ನಲ್ ಹಿಡಿಯೋ ಪ್ರೋಟೀನ್, ಅಂದ್ರೆ ರಿಸೆಪ್ಟರ್‌ನಲ್ಲಿ ಕೂತ್ರೆ ಸುದ್ದಿ ನ್ಯೂಕ್ಲಿಯಸ್‌ವರೆಗೂ ಹೋಗಿ ಆ ಗೋಂದು ಮಾಡೋ ಜೀನ್ ಕೆಲಸ ಕಮ್ಮಿಯಾಗುತ್ತೆ, ಆಮೇಲೆ ಒಳಗಿನ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಬೆಳೆದು ಮುಂದ್ಗಡೆ ಪೊರೆನ ತಳ್ತವೆ, ಹಿಂದ್ಗಡೆ ಮುದುಡುತ್ತೆ, ಸೆಲ್ ತೆವಳೋಕೆ ಶುರು ಮಾಡುತ್ತೆ, ಅಡ್ಡ ಸಿಗೋ ಕೊಲಾಜೆನ್ ಅನ್ನೋ ಪ್ರೋಟೀನ್ ನಾರಿನ ಬಲೆನ ಎಂಜೈಮ್ ಬಿಟ್ಟು ಕತ್ತರಿಸ್ಕೊಂಡು ರಕ್ತನಾಳಕ್ಕೆ ನುಗ್ಗುತ್ತೆ. ವಿಚಿತ್ರ ಅಂದ್ರೆ ಇದೇ ಟಿಜಿಎಫ್-ಬೀಟಾ ಶುರುವಿನ ಹಂತದಲ್ಲಿ ಸೆಲ್ ಬೆಳೀದಂಗೆ ತಡೆಯುತ್ತೆ, ಆಮೇಲೆ ಪಾರ್ಟಿ ಬದಲಾಯಿಸುತ್ತೆ!

ಎಲ್ಲಿಗೆ ಹೋಗುತ್ತೆ ಅನ್ನೋದೂ ಪೂರ್ತಿ ಲಾಟರಿ ಅಲ್ಲ. ಶ್ವಾಸಕೋಶ, ಲಿವರ್, ಮೂಳೆ ಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಅನ್ನೋ ಅಣು ಜಾಸ್ತಿ, ಅದನ್ನ ಹಿಡಿಯೋ ರಿಸೆಪ್ಟರ್ ಸ್ತನ ಕ್ಯಾನ್ಸರ್ ಸೆಲ್‌ಗಳ ಮೇಲೂ ಜಾಸ್ತಿ ಅಂತ 2001ರಲ್ಲೇ ಗೊತ್ತಾಯ್ತು, ಒಂಥರಾ ವಾಸನೆ ಹಿಡ್ಕೊಂಡು ಹೋದಂಗೆ. ಆದ್ರೆ ರಕ್ತಕ್ಕಿಳಿದ ಬಹುಪಾಲು ಸೆಲ್‌ಗಳು ದಾರೀಲೇ ಸಾಯ್ತವೆ.