ಪಕ್ಕದ ಮನೆಯವರ ತೆರಿಗೆ ಅರ್ಧವೇಕೆ?

ಬಸವನಗುಡಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದೂ ಪಕ್ಕದವರದೂ ಒಂದೇ ಬೀದಿ, ಒಂದೇ ಅಳತೆಯ ಮನೆ. ನನ್ನ ಮನೆಯನ್ನು ಬಾಡಿಗೆಗೆ ಕೊಟ್ಟು ಮಗಳ ಜೊತೆ ಇದ್ದೇನೆ. ನಾನು ಕಟ್ಟುವ ಆಸ್ತಿ ತೆರಿಗೆಯ ಅರ್ಧವನ್ನೂ ಪಕ್ಕದವರು ಕಟ್ಟುತ್ತಿಲ್ಲ. ಅಧಿಕಾರಿಗಳ ಕೈ ಬೆಚ್ಚಗೆ ಮಾಡಿದವರಿಗೆ ಮಾತ್ರ ಈ ರಿಯಾಯಿತಿಯೇ? ಸಾಲದ್ದಕ್ಕೆ ಭಿಕ್ಷುಕರ ಹೆಸರಿನಲ್ಲೂ ನನ್ನಿಂದ ವಸೂಲಿ ಮಾಡುವುದೇಕೆ?"

ಮಾನ್ಯರೇ, ನಿಮ್ಮ ಪಕ್ಕದವರನ್ನು ಸಂಶಯಿಸುವ ಮೊದಲು ನಿಮ್ಮ ಪತ್ರದ ಎರಡನೆಯ ವಾಕ್ಯವನ್ನು ನೀವೇ ಇನ್ನೊಮ್ಮೆ ಓದಿ. ನೀವು ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೀರಿ. ಅವರು ತಾವೇ ವಾಸವಾಗಿದ್ದರೆ ವ್ಯತ್ಯಾಸದ ಬಹುಪಾಲು ಅಲ್ಲಿಯೇ ಇದೆ.

ಬೆಂಗಳೂರಿನಲ್ಲಿ 2008-09ರಿಂದ ಜಾರಿಗೆ ಬಂದದ್ದು ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ. ನಿಮಗೆ ನಿಜವಾಗಿ ಎಷ್ಟು ಬಾಡಿಗೆ ಬರುತ್ತದೆ ಎಂದು ಅದು ಕೇಳುವುದಿಲ್ಲ. ಆಸ್ತಿ ನೋಂದಣಿಗೆಂದು ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆಯನ್ನು ನೋಡಿ ಬೀದಿಗಳನ್ನು 'ಎ'ಯಿಂದ 'ಎಫ್'ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಗೊತ್ತುಪಡಿಸುತ್ತದೆ. 2008ರ ಪಟ್ಟಿಯಲ್ಲಿ 'ಎ' ವಲಯದ ಆರ್‌ಸಿಸಿ ಮನೆಗೆ ಸ್ವಂತ ವಾಸವಾದರೆ 2.50 ರೂಪಾಯಿ, ಬಾಡಿಗೆಯಾದರೆ 5 ರೂಪಾಯಿ. ಆ ಬಳಿಕ ದರಗಳು ಏರಿವೆ. ಲೆಕ್ಕದ ದಾರಿ ತಿಳಿಯಲು ಈ ಅಂಕಿಗಳೇ ಸಾಕು.

ಸಾವಿರ ಚದರಡಿಯ ಮನೆ ಎಂದಿಟ್ಟುಕೊಳ್ಳಿ. ಸ್ವಂತ ವಾಸಕ್ಕೆ 2.50ರಂತೆ ತಿಂಗಳಿಗೆ 2,500 ರೂಪಾಯಿ. ವರ್ಷಕ್ಕೆ ಹನ್ನೆರಡಲ್ಲ, ಹತ್ತು ತಿಂಗಳನ್ನು ಮಾತ್ರ ಹಿಡಿಯುವುದರಿಂದ 25,000. ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಇದರಲ್ಲಿ ಕಳೆಯಬೇಕು. ಸದ್ಯಕ್ಕೆ ಅದನ್ನು ಬಿಡೋಣ. ಉಳಿದುದರ ಶೇ 20, ಅಂದರೆ 5,000 ರೂಪಾಯಿ ತೆರಿಗೆ. ಅದೇ ಮನೆ ಬಾಡಿಗೆಗಿದ್ದರೆ 10,000. ಪಕ್ಕದವರ ಕಟ್ಟಡ ನಿಮ್ಮದಕ್ಕಿಂತ ಹಳೆಯದಾಗಿದ್ದರೆ ಸವಕಳಿ ಹೆಚ್ಚು ಸಿಗುತ್ತದೆ, ಅವರ ಮೊತ್ತ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಇಷ್ಟಕ್ಕೆ ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಾಗಿಲ್ಲ.

ಈ ದುಪ್ಪಟ್ಟು ನ್ಯಾಯವೇ ಎಂದು ಕೇಳಿದ್ದರೆ ನಾನು ನಿಮ್ಮ ಪಕ್ಷ. ಬಾಡಿಗೆದಾರ ಬಂದ ಮಾತ್ರಕ್ಕೆ ಮನೆಯ ಮುಂದಿನ ಚರಂಡಿ ಎರಡರಷ್ಟು ಅಗಲವಾಗುವುದಿಲ್ಲ. ಬಾಡಿಗೆಯ ಆದಾಯಕ್ಕೆ ಬೇರೆಯಾಗಿ ಆದಾಯ ತೆರಿಗೆ ಇದ್ದೇ ಇದೆ. ಬಾಡಿಗೆಗೆ ಕೊಟ್ಟೂ 'ಸ್ವಂತ ವಾಸ' ಎಂದು ಬರೆಯುವ ಆಸೆಯನ್ನು ಹುಟ್ಟಿಸುವುದು ಈ ಅಂತರವೇ. ನಿಜ ಬರೆದ ನಿಮ್ಮಂಥವರಿಗೆ ಹೊಟ್ಟೆ ಉರಿಯುವುದು ಸಹಜ.

ಇನ್ನು ಭಿಕ್ಷುಕರ ವಿಷಯ. ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಉಪಕರ ಸೇರುತ್ತದೆ. ಕೊನೆಯದಕ್ಕೆ ಆಧಾರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. 5,000 ರೂಪಾಯಿ ತೆರಿಗೆಯ ಮೇಲೆ ಅದು 150 ರೂಪಾಯಿ, ಸಿಟ್ಟಾಗುವಷ್ಟು ದೊಡ್ಡದಲ್ಲ. ಸಿಟ್ಟು ಮಾಡಲೇಬೇಕೆಂದಿದ್ದರೆ ಗ್ರಂಥಾಲಯದ ಪಾಲಿನ ಮೇಲೆ ಮಾಡಿ. ಪಾಲಿಕೆ ಅದನ್ನು ನಮ್ಮಿಂದ ವಸೂಲಿ ಮಾಡಿಯೂ ಗ್ರಂಥಾಲಯಗಳಿಗೆ ಪೂರ್ತಿ ದಾಟಿಸುವುದಿಲ್ಲ ಎಂಬ ದೂರು ಬಹಳ ಹಳೆಯದು.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಇದು ಸ್ವಯಂ ಘೋಷಣೆಯ ಪದ್ಧತಿ. ಲೆಕ್ಕ ಹಾಕಿದವರೂ ನೀವೇ, ತಪ್ಪಿಗೆ ಹೊಣೆಯೂ ನೀವೇ. 2016ರಲ್ಲಿ ವಲಯಗಳು ಬದಲಾದ ಮೇಲೂ ಹಳೆಯ ವಲಯದ ದರದಲ್ಲೇ ಕಟ್ಟುತ್ತ ಬಂದ ಸಾವಿರಾರು ಮಂದಿಗೆ ವರ್ಷಗಳ ನಂತರ ದಂಡ, ಬಡ್ಡಿಯ ನೋಟಿಸ್ ಬಂತು. ಪಾಲಿಕೆಯ ತಂತ್ರಾಂಶ ತೋರಿಸಿದ್ದನ್ನೇ ಕಟ್ಟಿದೆವು ಎಂದು ಅವರು ವಾದಿಸಿದರು. ಅದರಲ್ಲಿ ಹುರುಳಿತ್ತು, ಆದರೂ ಅಲೆದಾಟ ತಪ್ಪಲಿಲ್ಲ.

ಆದ್ದರಿಂದ ಮಗಳ ಮನೆಯಿಂದ ನೀವು ಸ್ವಂತ ಮನೆಗೆ ಮರಳಿದ ವರ್ಷ, ಏನೂ ಬದಲಾಗಿಲ್ಲ ಎನ್ನುವವರ ನಮೂನೆ 4ನ್ನು ಅಭ್ಯಾಸಬಲದಿಂದ ತುಂಬಬೇಡಿ. ಬಳಕೆ ಬದಲಾಗಿದೆ ಎಂದು ನಮೂನೆ 5ರಲ್ಲಿ ತಿಳಿಸಿ, ಏಪ್ರಿಲ್ ತಿಂಗಳ ಶೇ 5ರ ರಿಯಾಯಿತಿ ಮುಗಿಯುವುದರೊಳಗೆ ಕಟ್ಟಿ, ರಸೀದಿಯಲ್ಲಿ 'ಸ್ವಂತ ವಾಸ' ಎಂದೇ ಮುದ್ರಣವಾಗಿದೆಯೇ ನೋಡಿಕೊಳ್ಳಿ.

– ಸಂಪಾದಕ